ಕಾಲೊತ್ತಿದರೂ ಮುನ್ನುಗ್ಗದ ಕಾರು

ಮೋಟಾರು ಕಾರಿಗೆ ಬರುವ ರೋಗಗಳಲ್ಲಿ ಎರಡು ಜಾತಿ. ಮೊದಲನೆಯದು, ನಡುದಾರಿಯಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುವುದು. ತೊಂದರೆ ದೊಡ್ಡದಾದರೂ ಇದರಲ್ಲಿ ಮುಚ್ಚುಮರೆಯಿಲ್ಲ. ಮೆಕ್ಯಾನಿಕನನ್ನು ಕರೆಸದೆ ವಿಧಿಯಿಲ್ಲ. ಎರಡನೆಯದು ಹಾಗಲ್ಲ. ಕೀಲಿ ತಿರುಗಿಸಿದೊಡನೆ ಎಂಜಿನ್ನು ಚಾಲೂ ಆಗುತ್ತದೆ, ಗಾಡಿ ಕಚೇರಿಗೆ ಹೋಗಿಬರುತ್ತದೆ, ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತದೆ. ಆದರೆ ಆಕ್ಸಿಲರೇಟರನ್ನು ಒತ್ತಿದಾಗ ಹಿಂದೆ ಬರುತ್ತಿದ್ದ ಚುರುಕು ಈಗ ಬರುವುದಿಲ್ಲ. ಒತ್ತುವ ಕಾಲಿಗೂ ಉರುಳುವ ಗಾಲಿಗೂ ನಡುವೆ ಯಾವುದೋ ಆಲಸ್ಯ ಬಂದು ಕುಳಿತಿರುತ್ತದೆ.

ಈ ಆಲಸ್ಯ ಒಂದೇ ದಿನದಲ್ಲಿ ಬರುವಂಥದಲ್ಲ. ಆದ್ದರಿಂದ ಬಹುಮಂದಿ ಅದಕ್ಕೆ ತಿಳಿಯದೆಯೇ ಹೊಂದಿಕೊಂಡುಬಿಡುತ್ತಾರೆ. ‘ಗಾಡಿಗೂ ವಯಸ್ಸಾಯಿತು’ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಊರೊಳಗೆ ಆ ಸಮಾಧಾನ ಹೇಗೋ ಸಾಗುತ್ತದೆ. ಹೆದ್ದಾರಿಯಲ್ಲಿ ಸಾಗದು.

ಎರಡೇ ಸಾಲಿನ ರಸ್ತೆಯಲ್ಲಿ ಮುಂದೊಂದು ಲಾರಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದಿಟ್ಟುಕೊಳ್ಳಬಹುದು. ಅದನ್ನು ದಾಟಿ ಕ್ಷೇಮವಾಗಿ ಎಡಕ್ಕೆ ಸೇರಬೇಕಾದರೆ, ಲಾರಿಯ ಉದ್ದ ಮತ್ತು ಹಿಂದುಮುಂದಿನ ಅಂತರವೆಲ್ಲ ಕೂಡಿ, ಕಾರು ಲಾರಿಗಿಂತ ಸುಮಾರು 40 ಮೀಟರ್ ಹೆಚ್ಚಾಗಿ ಓಡಬೇಕು. ಕಾರಿಗೆ 60ರ ವೇಗ ದೊರೆತರೆ ಈ ಕೆಲಸ 7 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಕಾರು 120 ಮೀಟರ್ ಓಡಿರುತ್ತದೆ. ಎದುರಿನಿಂದ 60ರಲ್ಲಿ ಬರುವ ಬಸ್ಸೂ 120 ಮೀಟರ್ ಹತ್ತಿರ ಬಂದಿರುತ್ತದೆ. ಕಡಮೆಯೆಂದರೆ 240 ಮೀಟರ್ ರಸ್ತೆ ತೆರವಾಗಿರಬೇಕು. ಅದೇ ಕಾರು 50ಕ್ಕಿಂತ ಮೇಲೇಳದಿದ್ದರೆ? ವೇಗದಲ್ಲಿ ತಗ್ಗಿದುದು ಬರೇ 10. ಆದರೆ ದಾಟಲು ಬೇಕಾಗುವ ಕಾಲ ಇಮ್ಮಡಿಯಾಗಿ 14 ಸೆಕೆಂಡು, ಬೇಕಾಗುವ ರಸ್ತೆ 440 ಮೀಟರ್! ಚಾಲಕನ ಕಣ್ಣು ಹಳೆಯ ಅಭ್ಯಾಸದ ಲೆಕ್ಕವನ್ನೇ ಹಾಕಿರುತ್ತದೆ. ಗಾಡಿ ಹೊಸ ಲೆಕ್ಕ ಕೇಳುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಅಷ್ಟುದ್ದದ ನೇರ ರಸ್ತೆ ಕಣ್ಣಿಗೆ ಬೀಳುವುದೇ ಅಪರೂಪ.

ಹೀಗಾಗಿ ಕಾರಿನ ಆಲಸ್ಯವೆಂಬುದು ಬರಿಯ ಮುಜುಗರದ ಸಂಗತಿಯಲ್ಲ. ಅದರ ಕಾರಣ ತಿಳಿಯುವುದು ಪ್ರತಿಯೊಂದು ಕುಟುಂಬಕ್ಕೂ ಅಗತ್ಯ. ಸಂತೋಷದ ವಿಷಯವೆಂದರೆ, ಈ ಕಾರಣಗಳಲ್ಲಿ ಅನೇಕವು ಅಗ್ಗದವು.

ಪೆಡಲು ತೆರೆಯುವ ಬಾಗಿಲು

ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿಗೆ ಪೆಟ್ರೋಲು ಸುರಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಪೆಟ್ರೋಲ್ ಕಾರಿನ ಮಟ್ಟಿಗೆ ಇದು ತಪ್ಪು. ಅಲ್ಲಿ ಪೆಡಲು ತೆರೆಯುವುದು ಗಾಳಿಯ ಬಾಗಿಲನ್ನು. ಎಂಜಿನ್ನು ಉಸಿರೆಳೆಯುವ ಕೊಳವೆಯಲ್ಲಿ ಥ್ರಾಟಲ್ ಎಂಬ ದುಂಡನೆಯ ಬಿಲ್ಲೆಯೊಂದಿದೆ. ಕಾಲೊತ್ತಿದಷ್ಟೂ ಅದು ತಿರುಗಿ ದಾರಿ ಬಿಡುತ್ತದೆ, ಗಾಳಿ ಒಳನುಗ್ಗುತ್ತದೆ, ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲು ಆಮೇಲೆ ಸೇರುತ್ತದೆ. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ಗೃಹಿಣಿಗೆ ಈ ಮರ್ಮ ಯಾವ ಎಂಜಿನಿಯರೂ ಹೇಳಿಕೊಡದೆ ಗೊತ್ತಿತ್ತು. ಸೌದೆ ಎಷ್ಟಿದ್ದರೇನು, ಗಾಳಿಯಿಲ್ಲದೆ ಉರಿಯೇಳದು.

ಎಂಜಿನ್ನಿಗೆ ಬೇಕಾದ ಗಾಳಿಯ ಪ್ರಮಾಣವಂತೂ ಬೆರಗುಗೊಳಿಸುವಂಥದು. ಒಂದು ತೂಕದ ಪೆಟ್ರೋಲು ಪೂರ್ತಿಯಾಗಿ ಉರಿಯಲು 14.7 ತೂಕದ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9 ಸಾವಿರ ಲೀಟರ್ ಗಾಳಿ! ಡೀಸೆಲ್ ಎಂಜಿನ್ನಿನಲ್ಲಿ ಮಾತ್ರ ಪೆಡಲು ನೇರವಾಗಿ ಇಂಧನದ ಪ್ರಮಾಣವನ್ನು ಹೆಚ್ಚುಕಡಮೆ ಮಾಡುತ್ತದೆ. ಆದರೂ ಅದಕ್ಕೂ ಸಾಕಷ್ಟು ಗಾಳಿ ಬೇಕೇ ಬೇಕು.

ಗಾಳಿಗೆ ಪೆಟ್ರೋಲು ಬೆರೆಸುವ ಕೆಲಸವನ್ನು ಬಹುಕಾಲ ಮಾಡಿದುದು ಕಾರ್ಬ್ಯುರೇಟರ್. ಜರ್ಮನಿಯ ವಿಲ್ಹೆಲ್ಮ್ ಮೇಬಾಖ್ 1893ರಲ್ಲಿ ರೂಪಿಸಿದ ತುಂತುರು ಕಾರ್ಬ್ಯುರೇಟರಿನ ಸಂತತಿಯೇ ಭಾರತದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಇವೆಲ್ಲದರ ಎಂಜಿನ್ನಿನ ಮೇಲೂ ಕುಳಿತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಅದರ ಜಾಗಕ್ಕೆ ಇಂಜೆಕ್ಟರುಗಳೂ ಅವುಗಳನ್ನು ಆಳುವ ಪುಟ್ಟ ಕಂಪ್ಯೂಟರೂ ಬಂದವು. ಈಚಿನ ಕಾರುಗಳಲ್ಲಿ ಪೆಡಲಿಗೂ ಥ್ರಾಟಲಿಗೂ ನಡುವೆ ತಂತಿಯ ಹಗ್ಗವೂ ಇಲ್ಲ. ಕಾಲು ಎಷ್ಟು ಒತ್ತಿತೆಂಬ ವಿದ್ಯುತ್ ಸಂದೇಶ ಕಂಪ್ಯೂಟರಿಗೆ ಹೋಗುತ್ತದೆ. ಬಾಗಿಲನ್ನು ಎಷ್ಟು ತೆರೆಯಬೇಕೆಂದು ತೀರ್ಮಾನಿಸುವುದು ಅದು. ಹಿಂದೆ ಚಾಲಕನ ಕಾಲು ಆಜ್ಞೆ ಕೊಡುತ್ತಿತ್ತು. ಈಗ ಅರ್ಜಿ ಸಲ್ಲಿಸುತ್ತದೆ.

ಯಂತ್ರ ಎಷ್ಟು ಬದಲಾದರೂ ಅದರ ಅಗತ್ಯಗಳು ಬದಲಾಗಿಲ್ಲ. ಉಸಿರು, ಆಹಾರ, ಕಿಡಿ, ಹೊಗೆಗೆ ಹೊರದಾರಿ, ಹುಟ್ಟಿದ ಶಕ್ತಿ ಗಾಲಿಗೆ ಮುಟ್ಟುವ ದಾರಿ ಇವೈದು ಸರಿಯಿದ್ದರೆ ಕಾರು ಮುನ್ನುಗ್ಗುತ್ತದೆ. ಒಂದು ತಪ್ಪಿದರೂ ಮುಗ್ಗರಿಸುತ್ತದೆ.

ಉಸಿರು ಕಟ್ಟಿದಾಗ

ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಗಾಳಿಯ ಫಿಲ್ಟರನ್ನು. ಮಡಿಕೆ ಮಡಿಕೆಯಾದ ಕಾಗದದ ಈ ಜರಡಿ ಧೂಳನ್ನು ತಡೆದು ಎಂಜಿನ್ನನ್ನು ಕಾಯುತ್ತದೆ. ಬೆಂಗಳೂರಿನ ಕಟ್ಟಡ ಕಾಮಗಾರಿಗಳ ಪುಡಿ, ಸುಗ್ಗಿಯ ದಿನಗಳಲ್ಲಿ ಹಳೇ ಮೈಸೂರಿನ ರಸ್ತೆಗಳ ಮೇಲೆ ಹರಡಿದ ರಾಗಿ ಹುರುಳಿಗಳ ಹೊಟ್ಟು, ಬಯಲುಸೀಮೆಯ ಬೇಸಗೆಯ ಧೂಳು ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಜರಡಿ ತುಂಬಿದರೆ ಎಂಜಿನ್ನಿಗೆ ಏದುಸಿರು. ಮೆಲ್ಲನೆ ಹೋಗುವಾಗ ಇದು ತಿಳಿಯುವುದಿಲ್ಲ; ಥ್ರಾಟಲ್ ಪೂರ್ತಿ ತೆರೆದು ಎಂಜಿನ್ನು ಬಾಯ್ತುಂಬ ಗಾಳಿ ಕೇಳುವಾಗಲೇ ಕೊರತೆ ಗೋಚರಿಸುತ್ತದೆ. ಫಿಲ್ಟರಿನ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವುದು ಐದು ನಿಮಿಷದ ಕೆಲಸ. ಇಷ್ಟು ಸುಲಭವಾದ್ದರಿಂದಲೇ ಏನೋ, ಇದನ್ನು ಕಡೆಯಲ್ಲಿ ನೋಡುವವರೇ ಹೆಚ್ಚು.

ಫಿಲ್ಟರಿನಿಂದ ಮುಂದಕ್ಕೆ ರಬ್ಬರಿನ ಕೊಳವೆಗಳಿವೆ. ಅವು ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ ಮಿಶ್ರಣ ಕೆಡುತ್ತದೆ. ಟರ್ಬೊ ಇರುವ ಕಾರಿನಲ್ಲಿ ಇದಕ್ಕೆ ವಿರುದ್ಧ: ಒತ್ತಿ ತುಂಬಿದ ಗಾಳಿ ಸೀಳಿನಿಂದ ಹೊರಕ್ಕೆ ಸೋರಿಹೋಗುತ್ತದೆ, ಒತ್ತಿದಾಗಲೆಲ್ಲ ‘ಸುಯ್’ ಎಂಬ ಸದ್ದು ಕೇಳಿಸುತ್ತದೆ. ಥ್ರಾಟಲ್ ಬಿಲ್ಲೆಯ ಅಂಚಿಗೆ ಕಪ್ಪು ಮಸಿ ಕಟ್ಟಿಕೊಳ್ಳುವುದೂ, ಬರುವ ಗಾಳಿಯನ್ನು ಅಳೆಯುವ ಸಂವೇದಕ ಕೊಳೆಯಾಗಿ ತಪ್ಪು ಲೆಕ್ಕ ಒಪ್ಪಿಸುವುದೂ ಉಂಟು. ಎರಡಕ್ಕೂ ಅನೇಕ ವೇಳೆ ತಕ್ಕ ದ್ರಾವಣದಿಂದ ಶುಚಿಗೊಳಿಸಿದರೆ ಸಾಕಾಗುತ್ತದೆ, ಹೊಸದನ್ನು ಕೊಳ್ಳಬೇಕಾಗುವುದಿಲ್ಲ.

ಇನ್ನು ದೋಷವೇ ಅಲ್ಲದ ಒಂದು ಕಾರಣವಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಸಮುದ್ರಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ 8-9 ಪಾಲು ತೆಳು. ಟರ್ಬೊ ಇಲ್ಲದ ಕಾರು ಘಾಟಿ ಹತ್ತಿ ಬರುವಷ್ಟರಲ್ಲಿ ತನ್ನ ಶಕ್ತಿಯಲ್ಲಿ ಹೆಚ್ಚುಕಡಮೆ ಅಷ್ಟನ್ನೇ ಕಳೆದುಕೊಂಡಿರುತ್ತದೆ. 2,200 ಮೀಟರ್ ಮೀರಿದ ಉದಕಮಂಡಲದಲ್ಲಿ ಈ ನಷ್ಟ ಐದರಲ್ಲೊಂದು ಪಾಲಿಗೆ ಏರುತ್ತದೆ. ಬೇಸಗೆ ರಜೆಯಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಬೆಟ್ಟ ಹತ್ತುವ ಪುಟ್ಟ ಕಾರು ಅಲ್ಲಿ ಏದುತ್ತಿದ್ದರೆ ಅದು ರೋಗವಲ್ಲ, ಪ್ರಕೃತಿಧರ್ಮ. ಕೆಳಗಿಳಿದರೆ ತಾನಾಗಿ ಸರಿಹೋಗುತ್ತದೆ.

ಆಹಾರ ತಡವಾದಾಗ

ನಿಧಾನವಾಗಿ ಒತ್ತಿದರೆ ಸರಿಯಾಗಿ ಹೋಗುವ ಕಾರು, ಥಟ್ಟನೆ ಒತ್ತಿದರೆ ಒಂದು ಕ್ಷಣ ಸತ್ತಂತಾಗಿ ಆಮೇಲೆ ನೆಗೆಯುವುದುಂಟು. ಇದರ ಕಾರಣ ಸ್ವಾರಸ್ಯವಾದುದು. ಗಾಳಿ ಹಗುರ, ಪೆಟ್ರೋಲು ಭಾರ. ಬಾಗಿಲು ತೆರೆದೊಡನೆ ಗಾಳಿ ಮುಂದೆ ನುಗ್ಗುತ್ತದೆ. ಪೆಟ್ರೋಲು ಹಿಂದೆ ಬೀಳುತ್ತದೆ. ಆ ಒಂದು ಕ್ಷಣ ಮಿಶ್ರಣ ತೀರ ತೆಳುವಾಗಿ ಉರಿ ಕುಗ್ಗುತ್ತದೆ. ಹಳೆಯ ಕಾರ್ಬ್ಯುರೇಟರುಗಳಲ್ಲಿ ಈ ಕೊರತೆ ನೀಗಲೆಂದೇ ಒಂದು ಸಣ್ಣ ಪಂಪಿತ್ತು. ಪೆಡಲು ಒತ್ತಿದೊಡನೆ ಪಿಚಕಾರಿಯಂತೆ ಒಂದಿಷ್ಟು ಪೆಟ್ರೋಲನ್ನು ಅದು ಹೆಚ್ಚಾಗಿ ಚಿಮ್ಮುತ್ತಿತ್ತು. ಅದರ ತೊಗಲು ಹರಿದರೆ ಗಾಡಿ ಮುಗ್ಗರಿಸಿತೆಂದೇ ಅರ್ಥ. ಇಂದು ಅದೇ ಕೆಲಸವನ್ನು ಥ್ರಾಟಲಿನ ಸಂವೇದಕವನ್ನು ನೋಡಿಕೊಂಡು ಕಂಪ್ಯೂಟರು ಮಾಡುತ್ತದೆ. ಸಂವೇದಕ ಸವೆದರೆ ಹಳೆಯ ರೋಗವೇ ಹೊಸ ವೇಷದಲ್ಲಿ ಬರುತ್ತದೆ.

ಇಂಧನ ಒಂದು ಕ್ಷಣ ತಪ್ಪಿದರೆ ಏನಾಗುವುದೆಂಬುದಕ್ಕೆ ಎರಡನೆಯ ಮಹಾಯುದ್ಧದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಡಿದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಎಂಜಿನ್ನುಗಳಿಗೆ ಕಾರ್ಬ್ಯುರೇಟರಿತ್ತು. ಎದುರಾಳಿ ಮೆಸರ್‌ಸ್ಮಿಟ್ 109ಕ್ಕೆ ಇಂಧನ ಚಿಮ್ಮುವ ಪಂಪಿತ್ತು. ಜರ್ಮನ್ ವಿಮಾನ ಥಟ್ಟನೆ ಮೂಗು ಬಗ್ಗಿಸಿ ಕೆಳಕ್ಕೆ ಧುಮುಕಿದರೆ, ಹಾಗೆಯೇ ಬೆನ್ನಟ್ಟಿದ ಬ್ರಿಟಿಷ್ ವಿಮಾನದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಮೇಲಕ್ಕೆಸೆಯಲ್ಪಟ್ಟು ಎಂಜಿನ್ನು ಕೆಮ್ಮಿ ಸೊರಗುತ್ತಿತ್ತು. ಅಷ್ಟರಲ್ಲಿ ಶತ್ರು ಪಾರು. ಈ ಕಂಟಕಕ್ಕೆ ಮದ್ದು ಹುಡುಕಿದಾಕೆ ಫಾರ್ನ್‌ಬರೋದ ಸರಕಾರಿ ವಿಮಾನ ಸಂಶೋಧನಾಲಯದ ಎಂಜಿನಿಯರ್ ಬಿಯಾಟ್ರಿಸ್ ಶಿಲಿಂಗ್. ಗಂಟೆಗೆ 100 ಮೈಲಿಗೂ ಮಿಕ್ಕ ವೇಗದಲ್ಲಿ ಮೋಟಾರ್ ಸೈಕಲ್ ಓಡಿಸಿ ಹೆಸರು ಪಡೆದಿದ್ದ ಮಹಿಳೆ ಈಕೆ. 1941ರಲ್ಲಿ ಆಕೆ ಕೊಟ್ಟ ಪರಿಹಾರವಾದರೂ ಎಷ್ಟು ದೊಡ್ಡದು? ಇಂಧನದ ಕೊಳವೆಗೆ ಸಿಕ್ಕಿಸುವ, ನಡುವೆ ತೂತಿರುವ ಒಂದು ಚಿಕ್ಕ ಲೋಹದ ತುಣುಕು! ಎಂಜಿನ್ನಿಗೆ ಬೇಕಾದಷ್ಟೇ ಪೆಟ್ರೋಲು ಹರಿಯುವಂತೆ ಅದು ಮಾಡಿತು. ದೋಷವನ್ನು ಅರಿತ ಮೇಲೆ ಮದ್ದು ಚಿಕ್ಕದಾಗಿರಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮನೆಯ ಕಾರಿನಲ್ಲಿ ಆಹಾರ ತಪ್ಪುವ ಬಗೆಗಳು ಇಷ್ಟು ರೋಮಾಂಚಕಾರಿಯಲ್ಲ. ಇಂಧನದ ಫಿಲ್ಟರಿನಲ್ಲಿ ಕಸ ತುಂಬಿರಬಹುದು. ಟ್ಯಾಂಕಿನೊಳಗಿನ ಪಂಪು ದಣಿದಿರಬಹುದು. ಇಂಜೆಕ್ಟರಿನ ಕೂದಲೆಳೆಯಷ್ಟು ಸಣ್ಣ ರಂಧ್ರಗಳಲ್ಲಿ ಮಡ್ಡಿ ಕಟ್ಟಿರಬಹುದು. ಇವುಗಳ ಗುರುತು ಒಂದೇ: ಸಮತಟ್ಟಿನಲ್ಲಿ ಕಾರು ಚೆನ್ನಾಗಿಯೇ ಹೋಗುತ್ತದೆ, ಏರು ಬಂದಾಗ, ಹೆಚ್ಚು ಇಂಧನ ಬೇಕಾದಾಗ, ಕೈಕೊಡುತ್ತದೆ.

ಈಚೆಗೆ ಎಲ್ಲ ದೂರನ್ನೂ ಪೆಟ್ರೋಲಿಗೆ ಬೆರೆಸುವ ಎಥನಾಲಿನ ತಲೆಗೆ ಕಟ್ಟುವುದು ರೂಢಿಯಾಗಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆಸುವ ಗುರಿಯನ್ನು ಭಾರತ 2025ರಲ್ಲಿ ಮುಟ್ಟಿತು. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಮೆ. ಆದ್ದರಿಂದ ಮೈಲೇಜು ತುಸು ಇಳಿಯುವುದು ಸಹಜ. ಆದರೆ ಕಂಪ್ಯೂಟರುಳ್ಳ ಕಾರು ಈ ಕೊರತೆಯನ್ನು ಅರಿತು ಹೆಚ್ಚು ಇಂಧನ ಚಿಮ್ಮಿ ಸರಿದೂಗಿಸಿಕೊಳ್ಳುತ್ತದೆ, ಒಮ್ಮೆಗೇ ಸೊರಗಿಹೋಗುವುದಿಲ್ಲ. ತೊಂದರೆ ಹೆಚ್ಚಾಗಿ ಕಾಣುವುದು ಹಾಗೆ ಸರಿದೂಗಿಸಲಾರದ ಕಾರ್ಬ್ಯುರೇಟರ್ ಕಾರುಗಳಲ್ಲಿ, ಮತ್ತು ಎಥನಾಲಿಗೆ ತಕ್ಕುದಲ್ಲದ ಹಳೆಯ ರಬ್ಬರು ಭಾಗಗಳಲ್ಲಿ. ಎಥನಾಲು ನೀರನ್ನು ಹೀರುವ ವಸ್ತುವಾದ್ದರಿಂದ ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಗಾಡಿಯ ಬಗ್ಗೆಯೂ ಎಚ್ಚರ ಬೇಕು.

ಕಿಡಿ ಮತ್ತು ಹೊಗೆ

ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿಗಳು ಹಾರಬೇಕು. ಸ್ಪಾರ್ಕ್ ಪ್ಲಗ್ಗಿನ ತುದಿ ಸವೆದರೆ, ಇಲ್ಲವೆ ಕಾಯಿಲು ಬಳಲಿದರೆ, ಅವುಗಳಲ್ಲಿ ಕೆಲವು ತಪ್ಪುತ್ತವೆ. ಆಗ ಕಾರು ಬರಿಯ ಮಂದಗತಿಯಾಗುವುದಲ್ಲ. ಎಳೆದೆಳೆದು ಬಿಟ್ಟಂತೆ ಜಗ್ಗುತ್ತದೆ. ಮೂರು ಸಿಲಿಂಡರಿನ ಸಣ್ಣ ಕಾರಿನಲ್ಲಿ ಒಂದು ಕೆಲಸ ನಿಲ್ಲಿಸಿದರೆ ಮೂರನೆಯ ಒಂದು ಪಾಲು ಬಲವೇ ಹೋದಂತೆ.

ಕಿಡಿಯ ಈ ದೋಷವನ್ನು ಅಲಕ್ಷಿಸುವುದು ಮಹಾ ದುಬಾರಿ. ಉರಿಯದೆ ಉಳಿದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗುತ್ತದೆ. ಅಲ್ಲಿ ವಿಷಾನಿಲಗಳನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ; ದೊಡ್ಡ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಭಾರತದಲ್ಲಿ 1995ರಿಂದ ಇದು ಕಡ್ಡಾಯವಾಯಿತು. ಅದರ ಒಡಲು ಜೇನುಗೂಡಿನಂತೆ ಸಾವಿರಾರು ಸಣ್ಣ ಕಣ್ಣುಗಳಿಂದ ಕೂಡಿದುದು. ಆ ಗೂಡಿನೊಳಗೆ ಪೆಟ್ರೋಲು ಹೊತ್ತಿದರೆ ಕಾವು ಮಿತಿಮೀರಿ ಕಣ್ಣುಗಳು ಕರಗಿ ಮುಚ್ಚಿಹೋಗುತ್ತವೆ. ಹೊಗೆಗೆ ಹೊರದಾರಿಯಿಲ್ಲದ ಮೇಲೆ ಹೊಸ ಗಾಳಿಗೆ ಒಳದಾರಿ ಎಲ್ಲಿಯದು? ಎಂಜಿನ್ನು ಗಂಟಲು ಹಿಸುಕಿಸಿಕೊಂಡವರಂತೆ ಒದ್ದಾಡುತ್ತದೆ. ಕೆಲವು ನೂರು ರೂಪಾಯಿಯ ಪ್ಲಗ್ಗನ್ನು ಮುಂದೂಡಿದವರು ಹತ್ತಾರು ಸಾವಿರದ ಕನ್ವರ್ಟರಿಗೆ ಹಣ ತೆರುವುದು ಹೀಗೆ. ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಮಿಣುಕತೊಡಗಿದರೆ ಹೆಚ್ಚಾಗಿ ಈ ಅಪಾಯದ ಸೂಚನೆ. ಕಾಲನ್ನು ಸಡಿಲಿಸಿ ಆದಷ್ಟು ಬೇಗ ಗ್ಯಾರೇಜು ಸೇರುವುದೇ ಲೇಸು.

2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6ರ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆದಾರಿಯಲ್ಲಿ ಮಸಿ ಹಿಡಿಯುವ ಜರಡಿಯೂ ಸೇರಿದೆ. ಕೂಡಿದ ಮಸಿ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಬೂದಿಯಾಗಬೇಕು. ದಿನವೂ ಮೂರು ಕಿಲೋಮೀಟರ್ ಸಂದಣಿಯಲ್ಲಿ ತೆವಳುವ ಗಾಡಿಗೆ ಅಷ್ಟು ಕಾವೇರುವುದೆಂತು? ಜರಡಿ ತುಂಬುತ್ತದೆ, ಕಂಪ್ಯೂಟರು ಶಕ್ತಿಯನ್ನು ತಾನೇ ಕಡಿತಗೊಳಿಸುತ್ತದೆ. ಆಗಾಗ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿ ಬರುವುದು ಇದಕ್ಕೆ ಒಳ್ಳೆಯ ಪಥ್ಯ. ಊರೊಳಗೆ ಮಾತ್ರ ಓಡಾಡುವ ಕುಟುಂಬ ಡೀಸೆಲ್ ಕಾರು ಕೊಳ್ಳುವ ಮುನ್ನ ಇದನ್ನು ಯೋಚಿಸಬೇಕು.

ಶಕ್ತಿಯಿದ್ದೂ ಸಾಗದಾಗ

ಕೆಲವೊಮ್ಮೆ ಎಂಜಿನ್ನಿನಲ್ಲಿ ಏನೂ ಕುಂದಿರುವುದಿಲ್ಲ. ಹುಟ್ಟಿದ ಶಕ್ತಿ ಗಾಲಿಗೆ ಮುಟ್ಟುವ ಮೊದಲೇ ಸೋರಿಹೋಗುತ್ತದೆ. ಪೆಡಲು ಒತ್ತಿದಾಗ ಎಂಜಿನ್ನಿನ ಸದ್ದು ಏರಿ, ಸುತ್ತಿನ ಮುಳ್ಳು ಮೇಲೆದ್ದು, ವೇಗದ ಮುಳ್ಳು ಮಾತ್ರ ಅಲ್ಲೇ ಇದ್ದರೆ ಕ್ಲಚ್ಚು ಜಾರುತ್ತಿದೆ ಎಂದರ್ಥ. ಸಂದಣಿಯಲ್ಲಿ ಎಡಗಾಲನ್ನು ಸದಾ ಕ್ಲಚ್ಚಿನ ಮೇಲಿಟ್ಟುಕೊಂಡೇ ಓಡಿಸುವವರ ಗಾಡಿಗೆ ಇದು ಬೇಗ ಬರುತ್ತದೆ. ಸುಟ್ಟ ವಾಸನೆಯೂ ಜೊತೆಗಿರುತ್ತದೆ.

ಬ್ರೇಕು ಪೂರ್ತಿ ಸಡಿಲವಾಗದೆ ಗಾಲಿಯನ್ನು ಹಿಡಿದೇ ಇದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕು ಗಾಲಿಗಳ ಬಳಿಯೂ ಮುಟ್ಟದೆ ಅಂಗೈ ಹಿಡಿದರೆ, ಒಂದು ಮಾತ್ರ ಹೆಚ್ಚು ಕಾದಿರುವುದು ತಿಳಿಯುತ್ತದೆ. ಗಾಳಿಯಿಳಿದ ಟೈರುಗಳು, ಐದು ಜನರ ಮೇಲೆ ಡಿಕ್ಕಿಯ ತುಂಬ ಸಾಮಾನು, ಬಿಡುವಿಲ್ಲದೆ ಓಡುವ ಏರ್ ಕಂಡೀಷನರು ಇವೂ ತಮ್ಮ ತಮ್ಮ ಪಾಲನ್ನು ಕಸಿದುಕೊಳ್ಳುತ್ತವೆ.

ಎಲ್ಲಕ್ಕಿಂತ ಸಾಮಾನ್ಯವಾದ, ಒಂದು ಕಾಸೂ ಖರ್ಚಿಲ್ಲದೆ ಪರಿಹಾರವಾಗುವ ಕಾರಣ ತಪ್ಪು ಗೇರು. 40ರ ವೇಗದಲ್ಲಿ ಐದನೆಯ ಗೇರಿನಲ್ಲಿ ಹೋಗುತ್ತಿರುವ ಕಾರಿನ ಪೆಡಲನ್ನು ನೆಲಕ್ಕೆ ಮುಟ್ಟಿಸಿದರೂ ಅದು ಮುನ್ನುಗ್ಗದು. ಮೂರನೆಯ ಗೇರಿಗಿಳಿದರೆ ಅದೇ ಕಾರು ಹುಲಿಯಾಗುತ್ತದೆ. ಪೆಟ್ರೋಲು ಉಳಿಸಲೆಂದು ಎಂದೂ ಗೇರು ಇಳಿಸದವರು ಗಾಡಿಯನ್ನು ದೂರುವುದು ನ್ಯಾಯವಲ್ಲ. ಹಾಗೆಯೇ 2014ರಿಂದ ಅಗ್ಗದ ಕಾರುಗಳಲ್ಲೂ ಬಂದಿರುವ, ಯಂತ್ರವೇ ಕ್ಲಚ್ಚು ಒತ್ತಿ ಗೇರು ಬದಲಿಸುವ ವ್ಯವಸ್ಥೆಯಲ್ಲಿ ಅರೆಗಳಿಗೆಯ ತಡೆ ಸಹಜ. ಅದನ್ನು ರಿಪೇರಿ ಮಾಡಿಸಲಾಗದು. ಲೆಕ್ಕಕ್ಕೆ ತೆಗೆದುಕೊಂಡು ಓಡಿಸಬೇಕು.

ವೈದ್ಯನಿಗೆ ಹೇಳುವ ಮಾತು

ಇಂದಿನ ಗ್ಯಾರೇಜುಗಳಲ್ಲಿ ಕಾರಿನ ಕಂಪ್ಯೂಟರಿಗೆ ಯಂತ್ರವೊಂದನ್ನು ಜೋಡಿಸಿದರೆ ದೋಷದ ಸಂಕೇತಗಳು ಪರದೆಯ ಮೇಲೆ ಮೂಡುತ್ತವೆ. ಇದು ದೊಡ್ಡ ಅನುಕೂಲ. ಆದರೆ ಅರ್ಧ ಅನುಕೂಲ. ಸಂಕೇತ ಹೇಳುವುದು ನೋವು ಎಲ್ಲಿ ಕಂಡಿತೆಂಬುದನ್ನು; ರೋಗ ಏನೆಂಬುದನ್ನಲ್ಲ. ಹೊಗೆಯಲ್ಲಿನ ಆಮ್ಲಜನಕವನ್ನಳೆಯುವ ಸಂವೇದಕ ‘ಮಿಶ್ರಣ ತೆಳುವಾಗಿದೆ’ ಎಂದು ದೂರಿದರೆ ಅದನ್ನೇ ಕಿತ್ತು ಹೊಸದನ್ನು ಹಾಕುವವರಿದ್ದಾರೆ. ಆದರೆ ಅದು ನಿಜವನ್ನೇ ಹೇಳುತ್ತಿರಬಹುದು. ತಪ್ಪು ಬಿರುಕು ಬಿಟ್ಟ ಕೊಳವೆಯದಿರಬಹುದು. ಸುದ್ದಿ ತಂದವನನ್ನು ಶಿಕ್ಷಿಸಿದರೆ ಸುದ್ದಿ ಸುಳ್ಳಾಗುವುದಿಲ್ಲ.

ಆದ್ದರಿಂದ ಕಾರಿನ ಯಜಮಾನ, ಅಥವಾ ಯಜಮಾನಿ, ‘ಗಾಡಿ ಎಳೆಯುತ್ತಿಲ್ಲ’ ಎಂಬ ಒಂದೇ ಮಾತನ್ನು ಹೇಳಿ ಕೀಲಿ ಕೊಟ್ಟು ಬರುವುದು ಸಾಲದು. ದೋಷ ಕಾಣುವುದು ಎಂಜಿನ್ನು ತಣ್ಣಗಿರುವಾಗಲೋ ಕಾದ ಮೇಲೋ? ಸಮತಟ್ಟಿನಲ್ಲೋ ಏರಿನಲ್ಲೋ? ಸದ್ದು ಏರಿಯೂ ವೇಗ ಏರದೋ, ಸದ್ದೇ ಏರದೋ? ಜಗ್ಗುವುದೋ, ಮಂಕಾಗುವುದೋ? ಹೊಗೆಯ ಬಣ್ಣ ಯಾವುದು? ಕಪ್ಪಾದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು. ಈ ಐದು ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದರೆ ಅರ್ಧ ರಿಪೇರಿ ಆದಂತೆಯೇ. ಪರೀಕ್ಷೆಯೂ ಅಗ್ಗದ್ದರಿಂದ ಮೊದಲಾಗಲಿ: ಗೇರು ಮತ್ತು ಟೈರು, ಗಾಳಿಯ ಫಿಲ್ಟರು, ಕೊಳವೆಗಳು, ಪ್ಲಗ್ಗು, ಇಂಧನದ ಫಿಲ್ಟರು, ಅನಂತರ ಸಂವೇದಕ, ಪಂಪು, ಕ್ಲಚ್ಚು, ಎಂಜಿನ್ನನ್ನು ಬಿಚ್ಚುವ ಮಾತು ಕಟ್ಟಕಡೆಗೆ. ನೆಗಡಿಯಾಯಿತೆಂದು ಮೂಗು ಕೊಯ್ಯುವ ಅಗತ್ಯವಿಲ್ಲ.

ದೋಷ ಪತ್ತೆಯಾಗಿ ಸರಿಹೋಗುವವರೆಗೆ ಒಂದು ನಿಯಮವನ್ನು ಮಾತ್ರ ಮನೆಮಂದಿಯೆಲ್ಲ ಕೂಡಿ ಪಾಲಿಸಬೇಕು. ಮುಂದಿನ ಲಾರಿ ಎಷ್ಟೇ ನಿಧಾನವಾಗಿರಲಿ, ಹಿಂದಿನವನು ಎಷ್ಟೇ ಹಾರ್ನು ಹೊಡೆಯಲಿ, ಎರಡು ಸಾಲಿನ ರಸ್ತೆಯಲ್ಲಿ ಅದನ್ನು ದಾಟಲು ಹೋಗಬಾರದು. ಲಾರಿಯ ಹಿಂದೆ ಹತ್ತು ನಿಮಿಷ ಹೆಚ್ಚು ಕಳೆದರೆ ಊಟ ಹತ್ತು ನಿಮಿಷ ತಡವಾಗುತ್ತದೆ, ಅಷ್ಟೆ.